ಕಿಲೋ ಒಂದೇ, ಬೆರಳಿಗೆ ಬೇರೆ: ಸ್ಟ್ರೈಕರ್ ಪಿಸ್ತೂಲುಗಳ ಟ್ರಿಗರ್ ಹೋಲಿಸುವ ಬಗೆ

ವಾಲ್ಥರ್ ಪಿಪಿಕ್ಯೂ ಪಿಸ್ತೂಲಿನ ಟ್ರಿಗರ್‌ಗೆ ಎಳೆತದ ಬಲ ಅಳೆಯುವ ಗೇಜ್ ಸಿಕ್ಕಿಸಿ ಎಳೆದರೆ ಎರಡೂವರೆ ಕಿಲೋ ಆಸುಪಾಸು ತೋರಿಸುತ್ತದೆ. ಮಾಮೂಲಿ ಗ್ಲಾಕ್ 17ಕ್ಕೆ ಸಿಕ್ಕಿಸಿದರೆ ಎರಡೂವರೆಯಿಂದ ಮೂರರ ಒಳಗೆ. ಎಚ್‌ಕೆ ವಿಪಿ9 ಕೂಡ ಅಲ್ಲೇ. ಅಂಕಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇನೂ ಇಲ್ಲ. ಆದರೆ ಈ ಮೂರನ್ನೂ ಖಾಲಿ ಮಾಡಿ ಒಂದಾದ ಮೇಲೊಂದು ಒತ್ತಿ ನೋಡಿದವರು ಗ್ಲಾಕ್ ಭಾರ, ವಾಲ್ಥರ್ ಹಗುರ ಎಂದೇ ಹೇಳುತ್ತಾರೆ. ಗೇಜ್ ಸುಳ್ಳು ಹೇಳುತ್ತಿಲ್ಲ, ಬೆರಳೂ ಸುಳ್ಳು ಹೇಳುತ್ತಿಲ್ಲ. ಗೇಜ್ ಹಿಡಿಯುವುದು ಇಡೀ ಎಳೆತದಲ್ಲಿ ಅತಿ ಹೆಚ್ಚಿನ ಒಂದು ಬಲವನ್ನು ಮಾತ್ರ. ಬೆರಳು ಆ ಬಲ ಎಲ್ಲಿ ಶುರುವಾಯಿತು, ಎಷ್ಟು ದೂರ ಏರಿತು, ಹೇಗೆ ತಪ್ಪಿತು ಎಂಬುದನ್ನೆಲ್ಲ ಗಮನಿಸುತ್ತದೆ.

ಆದ್ದರಿಂದ ಕೊಳ್ಳುವ ಮುನ್ನ 'ಎಷ್ಟು ಕಿಲೋ' ಎಂದು ಕೇಳುವುದು ಎರಡನೆಯ ಪ್ರಶ್ನೆ. ಟ್ರಿಗರ್ ಮುಟ್ಟುವ ಮೊದಲೇ ಸ್ಟ್ರೈಕರ್ (ಗುಂಡಿಗೆ ಬಡಿಯುವ ಕಡ್ಡಿ) ಸ್ಪ್ರಿಂಗನ್ನು ಬಿಗಿಯುವ ಕೆಲಸವನ್ನು ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಓಡುವ ಲೋಹದ ಕವಚ, ಎಷ್ಟು ಮುಗಿಸಿಟ್ಟಿದೆ ಎಂಬುದು ಮೊದಲ ಪ್ರಶ್ನೆ.

ಸುತ್ತಿಗೆ ಇರುವ ಪಿಸ್ತೂಲಿನಲ್ಲಿ ಹ್ಯಾಮರ್ ತಿರುಗಿ ಬಂದು ಫೈರಿಂಗ್ ಪಿನ್ನಿಗೆ ಬಡಿಯುತ್ತದೆ. ಸ್ಟ್ರೈಕರ್ ಪಿಸ್ತೂಲಿನಲ್ಲಿ ಹ್ಯಾಮರ್ ಇಲ್ಲ. ಸ್ಲೈಡಿನೊಳಗಿನ ಉದ್ದನೆಯ ಕೊಳವೆಯಲ್ಲಿ ಸ್ಪ್ರಿಂಗ್ ಹೊತ್ತ ಸ್ಟ್ರೈಕರ್ ನೇರವಾಗಿ ಮುಂದಕ್ಕೆ ಚಿಮ್ಮಿ, ಗುಂಡಿನ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಕೊಡುವ ಪ್ರೈಮರ್‌ಗೆ ಚುಚ್ಚುತ್ತದೆ. ಸ್ಟ್ರೈಕರ್‌ನ ಕೆಳಗೆ ಒಂದು ಕಾಲು ಇರುತ್ತದೆ. ಆ ಕಾಲನ್ನು ಹಿಡಿದುಕೊಂಡಿರುವ ಭಾಗ ಸಿಯರ್. ಕವಣೆಯ ರಬ್ಬರನ್ನು ಬೇರೆಯವರು ಪೂರ್ತಿ ಎಳೆದು ಹಿಡಿದಿರುವಾಗ ನಾವು ಬರೀ ಬಿಡಿಸುವುದು ಒಂದು ಬಗೆ. ಅವರು ಅರ್ಧ ಎಳೆದು ಕೊಟ್ಟು, ಉಳಿದದ್ದನ್ನು ನಾವೇ ಎಳೆದು ಬಿಡುವುದು ಇನ್ನೊಂದು ಬಗೆ. ಸ್ಟ್ರೈಕರ್ ಪಿಸ್ತೂಲುಗಳೆಲ್ಲ ಈ ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತವೆ.

ಅರ್ಧ ಎಳೆದದ್ದು: ಗ್ಲಾಕ್

ಆಸ್ಟ್ರಿಯಾದ ಸೇನೆ 1982ರಲ್ಲಿ ಒಪ್ಪಿಕೊಂಡ ಗ್ಲಾಕ್ 17ರ ಒಳಗಿನ ವ್ಯವಸ್ಥೆ ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ. ಸ್ಲೈಡ್ ಮುಂದೆ ಬಂದು ಕೂರುವಾಗ ಸ್ಟ್ರೈಕರ್‌ನ ಕಾಲು ಟ್ರಿಗರ್ ಬಾರ್‌ನ (ಟ್ರಿಗರ್‌ನಿಂದ ಹಿಂದಕ್ಕೆ ಚಾಚಿದ ಲೋಹದ ಪಟ್ಟಿ) ಹಿಂತುದಿಯಲ್ಲಿರುವ ಶಿಲುಬೆಯಾಕಾರದ ತಟ್ಟೆಗೆ ಸಿಕ್ಕಿ ನಿಲ್ಲುತ್ತದೆ. ಆಗ ಸ್ಪ್ರಿಂಗ್ ಭಾಗಶಃ ಮಾತ್ರ ಬಿಗಿದಿರುತ್ತದೆ. ಇಲ್ಲಿ ಪ್ರತ್ಯೇಕ ಸಿಯರ್ ಇಲ್ಲ. ಬಾರ್‌ನ ಆ ತಟ್ಟೆಯೇ ಸಿಯರ್.

ಟ್ರಿಗರ್ ಒತ್ತಿದಂತೆ ಬಾರ್ ಹಿಂದಕ್ಕೆ ಸರಿಯುತ್ತದೆ, ಸ್ಟ್ರೈಕರನ್ನೂ ಜೊತೆಗೆ ಹಿಂದಕ್ಕೆ ದೂಡುತ್ತದೆ. ದಾರಿಯಲ್ಲಿ ಬಾರ್‌ನ ಒಂದು ಏಣು ಸ್ಲೈಡಿನಲ್ಲಿರುವ ಸ್ಟ್ರೈಕರ್ ತಡೆಗುಂಡಿಯನ್ನು ಮೇಲಕ್ಕೆ ಒತ್ತಿ ದಾರಿ ತೆರವು ಮಾಡುತ್ತದೆ. ಕೊನೆಯಲ್ಲಿ ಬಾರ್ ಕನೆಕ್ಟರ್ ಎಂಬ ತೆಳು ತಗಡಿನ ಇಳಿಜಾರಿಗೆ ತಾಗುತ್ತದೆ. ಆ ಇಳಿಜಾರು ಬಾರನ್ನು ಕೆಳಕ್ಕೆ ತಳ್ಳಿದಾಗ ತಟ್ಟೆ ಕಾಲಿನಿಂದ ಜಾರಿ ಸ್ಟ್ರೈಕರ್ ಬಿಡುಗಡೆಯಾಗುತ್ತದೆ. ಒಟ್ಟು ಚಲನೆ ಸುಮಾರು 12.5 ಮಿ.ಮೀ.

ಈಗ ಬೆರಳಿಗೆ ಏನು ಗೊತ್ತಾಗುತ್ತದೆ ನೋಡಿ. ಮೊದಲ ಭಾಗದಲ್ಲೇ ಸ್ಪ್ರಿಂಗ್ ಬಿಗಿಯುತ್ತಿರುವುದರಿಂದ ಟ್ರಿಗರ್ ಸಡಿಲವಾಗಿರುವುದಿಲ್ಲ, ಎಳೆದಂತೆ ಬಲ ಏರುತ್ತಲೇ ಇರುತ್ತದೆ. ತಡೆಗುಂಡಿ ಏರುವಾಗ ಸಣ್ಣ ಉಜ್ಜು, ಕೆಲವು ಹೊಸ ಪಿಸ್ತೂಲುಗಳಲ್ಲಿ ಮರಳು ಸಿಕ್ಕಿದಂತೆ. ಆಮೇಲೆ ಕನೆಕ್ಟರ್‌ನ ತಡೆ. ಆ ತಡೆ ದಾಟುವುದು ಗಾಜು ಒಡೆದಂತೆ ಪಟ್ಟನೆ ಆಗುವುದಿಲ್ಲ. ಎರಡು ಲೋಹಗಳು ಇಳಿಜಾರಿನಲ್ಲಿ ಜಾರುತ್ತಿರುವುದರಿಂದ ಉರುಳಿದಂತೆ ಬಿಡುತ್ತದೆ. ಗ್ಲಾಕ್ 'ಸ್ಪಂಜಿನಂತೆ' ಎಂಬ ದೂರಿನ ಮೂಲ ಇಷ್ಟೇ. ದೋಷವೆಂದು ಬೈಯುವವರಿದ್ದಾರೆ, ಆದರೆ ಅದು ವಿನ್ಯಾಸದ ಲೆಕ್ಕಾಚಾರ: ಟ್ರಿಗರ್ ಮುಟ್ಟದಿದ್ದಾಗ ಸ್ಪ್ರಿಂಗಿನಲ್ಲಿ ಪೂರ್ತಿ ಶಕ್ತಿ ಇರಬಾರದು.

ಒಂದು ವಿಚಿತ್ರ ಗಮನಿಸಬೇಕು. ಹಳೆಯ ತಲೆಮಾರಿನ ಗ್ಲಾಕ್‌ಗಳಲ್ಲಿ ಟ್ರಿಗರ್‌ನ ಸುರುಳಿ ಸ್ಪ್ರಿಂಗ್ ಬೆರಳಿಗೆ ಎದುರಾಗಿ ಅಲ್ಲ, ಬೆರಳಿನ ಜೊತೆಗೆ ಕೆಲಸ ಮಾಡುತ್ತದೆ. ಬಾರನ್ನು ಹಿಂದಕ್ಕೇ ಎಳೆಯುತ್ತದೆ. ಅದನ್ನು ಗಟ್ಟಿ ಮಾಡಿದರೆ ಎಳೆತ ಹಗುರವಾಗುತ್ತದೆ. ಸ್ಪ್ರಿಂಗ್ ಗಟ್ಟಿ ಎಂದರೆ ಟ್ರಿಗರ್ ಭಾರ ಎಂದುಕೊಂಡು ತಪ್ಪು ಭಾಗ ತರಿಸಿದವರು ಇಲ್ಲೇ ಎಡವುವುದು.

ಪೂರ್ತಿ ಎಳೆದದ್ದು: ಪಿಪಿಕ್ಯೂ, ಪಿ320

2011ರ ವಾಲ್ಥರ್ ಪಿಪಿಕ್ಯೂನಲ್ಲಿ ಸ್ಲೈಡ್ ಸ್ಟ್ರೈಕರನ್ನು ಪೂರ್ತಿ ಬಿಗಿದು ಸಿಯರ್‌ಗೆ ಒಪ್ಪಿಸುತ್ತದೆ. ಬೆರಳಿಗೆ ಉಳಿದದ್ದು ಮೂರು ಕೆಲಸ: ಟ್ರಿಗರನ್ನು ಮುಂದಕ್ಕೆ ಮರಳಿಸುವ ಸ್ಪ್ರಿಂಗನ್ನು ಒತ್ತುವುದು, ತಡೆಗುಂಡಿ ಎತ್ತುವುದು, ಸಿಯರ್ ಜಾರಿಸುವುದು. ಮೊದಲೆರಡಕ್ಕೆ ಹೆಚ್ಚು ಬಲ ಬೇಡ. ಹಾಗಾಗಿ ಆರಂಭದ ಓಟ ಹಗುರ, ಆಮೇಲೆ ಸ್ಪಷ್ಟವಾದ ಗೋಡೆ, ಗೋಡೆಯಲ್ಲಿ ಚಿಕ್ಕ ಚಲನೆ, ಪಟ್ಟನೆ ಬಿಡುಗಡೆ. ಕಂಪನಿ ಕೊಡುವ ಲೆಕ್ಕದಲ್ಲಿ ಒಟ್ಟು ಚಲನೆ ಸುಮಾರು 10 ಮಿ.ಮೀ., ರೀಸೆಟ್ (ಮತ್ತೆ ಒತ್ತಲು ಟ್ರಿಗರ್ ಮುಂದೆ ಬರಬೇಕಾದ ದೂರ) ಸುಮಾರು 2.5 ಮಿ.ಮೀ. ತೂಕ ಗ್ಲಾಕ್‌ನಷ್ಟೇ ಇದ್ದರೂ ಅದು ಕೊನೆಯ ಚೂರಿನಲ್ಲಿ ಮಾತ್ರ ಎದುರಾಗುವುದರಿಂದ ಒಟ್ಟು ಶ್ರಮ ಕಡಿಮೆ. ಹಗುರ ಅನಿಸುವುದು ಇದಕ್ಕೇ.

2014ರಲ್ಲಿ ಬಂದ, 2017ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡ ಸಿಗ್ ಪಿ320 ಕೂಡ ಇದೇ ಜಾತಿ. ಇಲ್ಲಿ ಟ್ರಿಗರ್ ಮಧ್ಯೆ ಗ್ಲಾಕ್‌ನಂಥ ಸಣ್ಣ ನಾಲಿಗೆ (ಬೆರಳು ಅದನ್ನು ಅದುಮದೆ ಟ್ರಿಗರ್ ಹಿಂದಕ್ಕೆ ಹೋಗದು) ಇಲ್ಲ, ಬೆರಳಿಗೆ ನಯವಾದ ಮೈ ಸಿಗುತ್ತದೆ. ನಾಲಿಗೆ ಇಲ್ಲದಿರುವುದಕ್ಕೆ ಬೆಲೆಯೂ ಇದೆ. ಪಿಸ್ತೂಲು ಕೆಲವು ಕೋನಗಳಲ್ಲಿ ಬಿದ್ದಾಗ ಟ್ರಿಗರ್ ತನ್ನ ತೂಕದಿಂದಲೇ ಹಿಂದಕ್ಕೆ ಹೋಗಬಲ್ಲದು ಎಂಬುದು ಬಯಲಾದ ಮೇಲೆ, 2017ರ ಆಗಸ್ಟ್‌ನಲ್ಲಿ ಕಂಪನಿ ಹಳೆಯ ಪಿಸ್ತೂಲುಗಳಿಗೆ ಉಚಿತ ಬದಲಾವಣೆ ಘೋಷಿಸಿ ಟ್ರಿಗರ್, ಸಿಯರ್, ಸ್ಟ್ರೈಕರ್‌ಗಳನ್ನು ಹಗುರ ಮಾಡಿತು. ಹಳೆಯ ಪಿ320 ಕೈಗೆ ಬಂದರೆ ಈ ಬದಲಾವಣೆ ಆಗಿದೆಯೇ ಎಂದು ಕೇಳದೆ ಟ್ರಿಗರ್ ಚೆನ್ನಾಗಿದೆ ಎಂದು ಮರುಳಾಗಬೇಡಿ.

ಗರಿಗರಿ ಬಿಡುಗಡೆ ಸಿಯರ್‌ನ ಕೋನವನ್ನೂ ನೆಚ್ಚಿದೆ. ಸಿಯರ್ ಮತ್ತು ಸ್ಟ್ರೈಕರ್ ಕಾಲು ಸೇರುವ ಮೈ ಸ್ವಲ್ಪ ಒಳವಾಲಿದ್ದರೆ, ಬಿಡುವ ಮುನ್ನ ಸ್ಟ್ರೈಕರ್ ಕೂದಲೆಳೆಯಷ್ಟು ಹಿಂದಕ್ಕೆ ಹೋಗುತ್ತದೆ. ಅದು ಸುರಕ್ಷಿತ, ಬೆರಳು ಅರ್ಧಕ್ಕೆ ನಿಂತರೆ ಸ್ಪ್ರಿಂಗೇ ಸಿಯರನ್ನು ಮತ್ತೆ ಒಳಗೆ ಕೂರಿಸುತ್ತದೆ. ಆದರೆ ಬಿಡುಗಡೆ ಉರುಳಿದಂತೆ ಇರುತ್ತದೆ. ಮೈ ನೇರವಾಗಿದ್ದರೆ ಬಿಡುಗಡೆ ಚುರುಕು. ಹೊರವಾಲಿದರೆ ಟ್ರಿಗರ್ ಬೆಣ್ಣೆಯಂತಿರುತ್ತದೆ, ಆದರೆ ಸಿಯರನ್ನು ಹೊರದೂಡಲು ಸ್ಪ್ರಿಂಗ್ ಸದಾ ಕಾಯುತ್ತಿರುತ್ತದೆ; ಅಂಥದ್ದು ಯಾರ ಕೈಯಲ್ಲೂ ಇರಬಾರದು. ಮನೆಯಲ್ಲಿ ಅರ ಹಿಡಿದು ಸಿಯರ್ ತಿಕ್ಕುವವರು ಗೊತ್ತಿಲ್ಲದೆ ತಲುಪುವುದು ಇಲ್ಲಿಗೆ. ಸಿಯರ್‌ನ ಗಟ್ಟಿ ಪದರ ಬಹಳ ತೆಳು. ಅದು ಸವೆದರೆ ಕೆಳಗಿನ ಮೆದು ಲೋಹ ಕೆಲವೇ ಗುಂಡಿಗೆ ದುಂಡಗಾಗುತ್ತದೆ.

ನಡುವಿನವು

ಸ್ಮಿತ್ ಅಂಡ್ ವೆಸ್ಸನ್ ಎಂ ಅಂಡ್ ಪಿ (2005) ಹೆಚ್ಚುಕಡಿಮೆ ಪೂರ್ತಿ ಬಿಗಿದೇ ಇರುತ್ತದೆ. ಸಿಯರ್ ಕೊನೆಯ ಚೂರು ಹಿಂದಕ್ಕೆ ದೂಡಿ ಬಿಡುತ್ತದೆ. ಮೊದಲ ಸರಣಿಯಲ್ಲಿ ನಾಲಿಗೆಯ ಬದಲು ಟ್ರಿಗರ್ ನಡುವೆಯೇ ಮಡಿಚುತ್ತಿತ್ತು. ಬೆರಳು ತೀರಾ ಮೇಲಿಟ್ಟರೆ ಮಡಿಕೆ ತೆರೆಯದೆ ಟ್ರಿಗರ್ ಜಾಮ್ ಆದಂತೆ ಅನಿಸುತ್ತದೆ. ಕೆಟ್ಟಿದೆ ಎಂದುಕೊಳ್ಳುವ ಮುನ್ನ ಬೆರಳನ್ನು ಅರ್ಧ ಸೆಂಟಿಮೀಟರ್ ಇಳಿಸಿ ನೋಡಿ. ಅದರ ರೀಸೆಟ್ ಮಂಕು ಎಂಬ ದೂರಿತ್ತು, 2017ರ 2.0 ಸರಣಿಯಲ್ಲಿ ಸುಧಾರಿಸಿತು.

ಕ್ರೊಯೇಷಿಯಾದ ಎಚ್‌ಎಸ್2000, ಅಮೆರಿಕದ ಹೆಸರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಕ್ಸ್‌ಡಿ, ಹಿಡಿಯ ಹಿಂದೆ ಒತ್ತುಪಟ್ಟಿ ಇರುವಂಥದ್ದು. ಅಂಗೈ ಅದನ್ನು ಪೂರ್ತಿ ಅದುಮದಿದ್ದರೆ ಟ್ರಿಗರ್ ಕೆಲಸ ಮಾಡುವುದಿಲ್ಲ. ಚಿಕ್ಕ ಕೈಯವರು ಹಿಡಿತ ತಪ್ಪಿಸಿಕೊಂಡು ಟ್ರಿಗರನ್ನು ಬೈಯುವುದುಂಟು.

1997ರ ವಾಲ್ಥರ್ ಪಿ99 ಬೇರೆಯೇ ದಾರಿ. ಸ್ಲೈಡಿನ ಮೇಲಿನ ಗುಂಡಿ ಒತ್ತಿ ಸ್ಟ್ರೈಕರನ್ನು ಇಳಿಸಿಡಬಹುದು. ಮೊದಲ ಎಳೆತ ಉದ್ದ, ಸುಮಾರು ನಾಲ್ಕು ಕಿಲೋ; ಆಮೇಲಿನವು ಅದರ ಅರ್ಧ. ಎರಡು ಬಗೆಯ ಎಳೆತ ಕಲಿಯುವ ತಾಳ್ಮೆ ಇಲ್ಲದವರಿಗೆ ಇದು ಬೇಡ.

ಐನ್‌ಮನೆಯ ಹಳೆಯ ಬ್ರೌನಿಂಗ್

ಮೇಲಿನವುಗಳಲ್ಲಿ ಹೆಚ್ಚಿನವು 9 ಎಂ.ಎಂ. ಪ್ಯಾರಾಬೆಲಂನಲ್ಲೇ ಹೆಸರು ಮಾಡಿದವು. ಅದು ಭಾರತದಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಜನರಿಗೆ ಪರವಾನಗಿ ಸಿಗದ ಗುಂಡಿನ ಅಳತೆ. ಸೇನೆಯಲ್ಲೋ ಪೊಲೀಸಿನಲ್ಲೋ ಇದ್ದವರಿಗೆ ಅವುಗಳ ಪರಿಚಯ ಇರಬಹುದು, ಮನೆಗೆ ತರುವ ಮಾತು ಬೇರೆ. ಕೊಡಗಿನ ಮನೆಗಳಲ್ಲಿ ನಿಜವಾಗಿ ಕಾಣಸಿಗುವ ಸ್ಟ್ರೈಕರ್ ಪಿಸ್ತೂಲು ಎಂದರೆ .32 ಬೋರಿನ, ಅಂದರೆ 7.65 ಎಂ.ಎಂ.ನ ಬೆಲ್ಜಿಯಂ ಬ್ರೌನಿಂಗ್. ಎಫ್‌ಎನ್ 1910 ಮಾದರಿ ಮುಖ್ಯ. ಸ್ಟ್ರೈಕರ್ ಎಂದರೆ ಪ್ಲಾಸ್ಟಿಕ್ ಯುಗದ ಹೊಸತು ಎಂದುಕೊಂಡವರಿಗೆ ಇದೇ ಉತ್ತರ: 1914ರಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯಾದ ಆರ್ಚ್‌ಡ್ಯೂಕ್ ಫ್ರಾಂಟ್ಸ್ ಫರ್ಡಿನಾಂಡ್‌ನನ್ನು ಕೊಂದದ್ದೂ ಇದೇ 1910 ಮಾದರಿಯ ಪಿಸ್ತೂಲು.

1910 ಮಾದರಿಯಲ್ಲಿ ಸ್ಟ್ರೈಕರ್ ಪೂರ್ತಿ ಬಿಗಿದೇ ಇರುತ್ತದೆ. ಸಿದ್ಧಾಂತದ ಪ್ರಕಾರ ಇದರ ಎಳೆತ ಪಿಪಿಕ್ಯೂನಂತೆ ಚುರುಕಾಗಿರಬೇಕು. ಹಾಗಿರುವುದಿಲ್ಲ, ಯಾಕೆಂದರೆ ಟ್ರಿಗರ್‌ನಿಂದ ಸಿಯರ್‌ವರೆಗಿನ ಬಾರ್ ಮ್ಯಾಗಜಿನ್ ಪಕ್ಕದಲ್ಲೇ ಸಾಗಬೇಕು. ಮ್ಯಾಗಜಿನ್‌ನ ಮೈ ಡೊಂಕಾಗಿದ್ದರೆ, ಅಥವಾ ಬೇರೆ ಪಿಸ್ತೂಲಿನದನ್ನು ಹಾಕಿದ್ದರೆ, ಬಾರ್ ಅದಕ್ಕೆ ಉಜ್ಜುತ್ತದೆ. ಪರೀಕ್ಷೆ ಸುಲಭ: ಎರಡು ಖಾಲಿ ಮ್ಯಾಗಜಿನ್ ಇದ್ದರೆ ಒಂದೊಂದನ್ನೇ ಹಾಕಿ ಗೇಜ್ ಹಿಡಿಯಿರಿ. ಅಂಕಿ ಬದಲಾದರೆ ದೋಷ ಮ್ಯಾಗಜಿನ್‌ನದು, ಸಿಯರ್‌ನದಲ್ಲ. ಮ್ಯಾಗಜಿನ್ ಇಲ್ಲದೆ ಟ್ರಿಗರ್ ಕೆಲಸ ಮಾಡದಂತೆ ಇದರಲ್ಲಿ ತಡೆ ಇದೆ, ಆದ್ದರಿಂದ ಖಾಲಿ ಮ್ಯಾಗಜಿನ್ ಹಾಕಿಯೇ ನೋಡಬೇಕು.

ಹೊಸ ಪಿಸ್ತೂಲುಗಳಲ್ಲಿರುವ ಸ್ಟ್ರೈಕರ್ ತಡೆಗುಂಡಿ ಇದರಲ್ಲಿಲ್ಲ. ಹಿಡಿಯ ಹಿಂದಿನ ಒತ್ತುಪಟ್ಟಿ ಮತ್ತು ಹೆಬ್ಬೆರಳಿನ ಸೇಫ್ಟಿ ಎರಡೂ ಸಿಯರನ್ನು ತಡೆಯುತ್ತವೆಯೇ ಹೊರತು ಸ್ಟ್ರೈಕರನ್ನಲ್ಲ. ನೂರು ವರ್ಷ ಸವೆದ ಸಿಯರ್ ಇರುವ ಪಿಸ್ತೂಲನ್ನು ಚೇಂಬರ್‌ನಲ್ಲಿ ಗುಂಡಿಟ್ಟು ಒಯ್ಯುವುದು ಬೇಡವೇ ಬೇಡ. ಅಂಥ ಹಳೆಯದರ ಟ್ರಿಗರ್ ಅನುಮಾನ ಬರುವಷ್ಟು ಹಗುರವಾಗಿದ್ದರೆ ಖುಷಿಪಡಬೇಡಿ, ಗನ್‌ಸ್ಮಿತ್ ಬಳಿಗೆ ಒಯ್ಯಿರಿ. ಮತ್ತೆ ಮತ್ತೆ ಖಾಲಿ ಬಡಿದರೆ ಹಳೆಯ ಸ್ಟ್ರೈಕರ್‌ನ ತುದಿ ಮುರಿಯಬಹುದು. ಚೇಂಬರ್‌ಗೆ ಸ್ನ್ಯಾಪ್ ಕ್ಯಾಪ್ (ಅಭ್ಯಾಸದ ಹುಸಿಗುಂಡು) ಹಾಕಿಕೊಂಡೇ ಒತ್ತಬೇಕು.

ರೀಸೆಟ್

ಗುಂಡು ಹಾರಿದ ಮೇಲೆ ಟ್ರಿಗರ್ ಎಷ್ಟು ಮುಂದೆ ಬಂದರೆ ಮತ್ತೆ ಒತ್ತಬಹುದೋ ಅದು ರೀಸೆಟ್. ಗ್ಲಾಕ್‌ನ 'ಟಿಕ್' ಸದ್ದು ಕನೆಕ್ಟರ್‌ನದು. ಸ್ಲೈಡ್ ಹಿಂದೋಡುವಾಗ ಕನೆಕ್ಟರನ್ನು ಪಕ್ಕಕ್ಕೆ ತಳ್ಳುತ್ತದೆ, ಬಾರ್ ಮೇಲೆದ್ದು ಸ್ಟ್ರೈಕರನ್ನು ಹಿಡಿಯುತ್ತದೆ. ಟ್ರಿಗರ್ ಸಾಕಷ್ಟು ಮುಂದೆ ಬಂದಾಗ ಕನೆಕ್ಟರ್ ಚಟ್ಟನೆ ತನ್ನ ಜಾಗಕ್ಕೆ ಮರಳುತ್ತದೆ. ಬೆರಳಿಗೂ ಕಿವಿಗೂ ಗೊತ್ತಾಗುತ್ತದೆ. ಇನ್ನೊಂದು ಸಂಗತಿ: ರೀಸೆಟ್ ಹಂತದಲ್ಲಿ ಗ್ಲಾಕ್‌ನ ಸ್ಟ್ರೈಕರ್ ಹೆಚ್ಚುಕಡಿಮೆ ಪೂರ್ತಿ ಬಿಗಿದಿರುತ್ತದೆ. ಹಾಗಾಗಿ ರೀಸೆಟ್‌ನಿಂದ ಒತ್ತುವ ಎರಡನೆಯ ಗುಂಡಿಗೆ ಗ್ಲಾಕ್‌ಗೂ ಪಿಪಿಕ್ಯೂಗೂ ಅಂತರ ಮೊದಲ ಗುಂಡಿನಷ್ಟು ಇರುವುದಿಲ್ಲ. ಅಂಗಡಿಯಲ್ಲಿ ಒಂದೇ ಸಲ ಒತ್ತಿ ತೀರ್ಪು ಕೊಡುವವರಿಗೆ ಇದು ಕಾಣುವುದಿಲ್ಲ.

ಚಿಕ್ಕ ರೀಸೆಟ್ ಎಲ್ಲರಿಗೂ ಒಳ್ಳೆಯದಲ್ಲ. ಕೈ ನಡುಗುವವರು, ಹೊಸಬರು ಬೇಡದ ಎರಡನೆಯ ಗುಂಡು ಹಾರಿಸುವುದು ಇಂಥದ್ದರಲ್ಲೇ.

ಕೈಗೆ ಬಂದಾಗ ನೋಡುವ ಕ್ರಮ

ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ ಹಿಂದಕ್ಕೆ ಎಳೆದು ನಿಲ್ಲಿಸಿ. ಈ ಕ್ರಮ ಅದಲುಬದಲಾದರೆ ಖಾಲಿ ಎಂದುಕೊಂಡ ಚೇಂಬರ್‌ಗೆ ಮ್ಯಾಗಜಿನ್‌ನಿಂದ ಗುಂಡು ಏರಿರುತ್ತದೆ. ಚೇಂಬರ್ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಗ್ಲಾಕ್ ಬಿಚ್ಚಬೇಕಾದರೆ ಟ್ರಿಗರ್ ಒತ್ತಲೇಬೇಕು, ಪಿ320ರಲ್ಲಿ ಬೇಕಿಲ್ಲ. ಗ್ಲಾಕ್ ಒರೆಸಲು ಕೂತಾಗ ಗುಂಡು ಹಾರಿದ ಪ್ರಸಂಗಗಳ ಹಿಂದೆ ಇರುವುದು ಇದೇ ಹೆಜ್ಜೆ.

ಖಾಲಿ ಎಂದು ಖಾತ್ರಿಯಾದ ಮೇಲೆ ದಪ್ಪ ಗೋಡೆಯ ಕಡೆಗೆ ಹಿಡಿದು ಬಹಳ ನಿಧಾನವಾಗಿ ಒತ್ತಿ. ತಡೆ ಬರುವ ಜಾಗದಲ್ಲಿ ನಿಲ್ಲಿಸಿ ಐದು ಸೆಕೆಂಡ್ ಹಿಡಿಯಿರಿ. ಬಲ ಹೆಚ್ಚಿಸದೆ ತಾನಾಗಿ ಬಿಡುಗಡೆಯಾದರೆ ಅದು ಬೇಡ. ಅಲ್ಲಿಂದ ಬೆರಳು ಸಡಿಲಿಸಿದಾಗ ಟ್ರಿಗರ್ ಪೂರ್ತಿ ಮುಂದೆ ಬರಬೇಕು. ಆಮೇಲೆ ಒತ್ತಿ ಬಿಡುಗಡೆ ಮಾಡಿ, ಒತ್ತಿಹಿಡಿದೇ ಸ್ಲೈಡ್ ಎಳೆದು ಬಿಟ್ಟು, ಬೆರಳನ್ನು ಕೂದಲೆಳೆಯಷ್ಟೇ ಮುಂದೆ ತಂದು ರೀಸೆಟ್ ಎಲ್ಲಿ ಎಂದು ನೋಡಿ.

ಗೇಜ್ ಹಿಡಿಯುವುದಾದರೆ ಕೊಕ್ಕೆಯನ್ನು ಪ್ರತಿ ಸಲವೂ ಟ್ರಿಗರ್‌ನ ಒಂದೇ ಜಾಗಕ್ಕೆ ಸಿಕ್ಕಿಸಿ. ಟ್ರಿಗರ್ ಮೇಲಿನ ಪಿನ್ನಿನ ಸುತ್ತ ತಿರುಗುತ್ತದೆ. ತುದಿಗೆ ಸಿಕ್ಕಿಸಿದರೆ ಕಡಿಮೆ ತೋರಿಸುತ್ತದೆ, ನಡುವಿಗೆ ಸಿಕ್ಕಿಸಿದರೆ ಹೆಚ್ಚು. ಇಬ್ಬರು ಒಂದೇ ಪಿಸ್ತೂಲಿಗೆ ಬೇರೆ ಬೇರೆ ಅಂಕಿ ಹೇಳುವುದು ಹೀಗೇ. ಹತ್ತು ಸಲ ಎಳೆಯಿರಿ. ಸರಾಸರಿಗಿಂತ, ಅತಿ ಕಡಿಮೆಗೂ ಅತಿ ಹೆಚ್ಚಿಗೂ ಇರುವ ಅಂತರ ಹೆಚ್ಚು ಹೇಳುತ್ತದೆ. ಮೂರು ಕಿಲೋ ಇದ್ದು ಪ್ರತಿ ಸಲ ಮೂರೇ ಬಂದರೆ ಕೈ ಒಗ್ಗಿಕೊಳ್ಳುತ್ತದೆ. ಎರಡು, ಎರಡೂಮುಕ್ಕಾಲು, ಎರಡೂಕಾಲು ಎಂದು ಕುಣಿದರೆ ಯಾರಿಗೂ ಒಗ್ಗುವುದಿಲ್ಲ.

ಕಕ್ಕಡದ ಮಳೆ, ಕೈಲ್‌ಪೊಳ್ದ್‌ನ ಎಣ್ಣೆ

ಆಟಿ ಮಳೆಯ ತಿಂಗಳುಗಳಲ್ಲಿ ಮಡಿಕೇರಿ, ಭಾಗಮಂಡಲದ ಕಡೆ ಕಪಾಟಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ, ಇನ್ನು ಉಕ್ಕಿನ ಮಾತೇನು. ಚರ್ಮದ ಹೋಲ್ಸ್ಟರ್‌ನಲ್ಲಿ ಪಿಸ್ತೂಲಿಡಬೇಡಿ. ಚರ್ಮ ತೇವ ಹಿಡಿದಿಟ್ಟು ಕಬ್ಬಿಣಕ್ಕೆ ಉಣಿಸುತ್ತದೆ. ಮೊದಲು ತುಕ್ಕು ಕಾಣುವುದು ಬ್ಯಾರಲ್‌ನಲ್ಲಿ, ಆದರೆ ಮೊದಲು ಬೆರಳಿಗೆ ಗೊತ್ತಾಗುವುದು ಟ್ರಿಗರ್ ಬಾರ್‌ನಲ್ಲಿ. ಲೇಪ ಸವೆದ ಜಾಗದಲ್ಲಿ ಸಾಸಿವೆಯಷ್ಟು ತುಕ್ಕು ಸಾಕು, ನಯವಾಗಿದ್ದ ಎಳೆತ ಕರಕರ ಎನ್ನಲು.

ಮಳೆ ತಗ್ಗಿ ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುವಾಗ ತೋಕ್‌ಗಳನ್ನೆಲ್ಲ (ಕೋವಿಗಳನ್ನೆಲ್ಲ) ಹೊರತೆಗೆದು ಒರೆಸಿ, ಎಣ್ಣೆ ಹಚ್ಚಿ, ತೋಕ್‌ಪೂ ಮುಡಿಸಿ ಪೂಜೆಗಿಡುವುದು ವಾಡಿಕೆ. ಜೋಡಿನಳಿಗೆಯ ಕೋವಿಗೆ ಎಣ್ಣೆ ಎರಡು ಹನಿ ಹೆಚ್ಚಾದರೂ ನಷ್ಟವಿಲ್ಲ. ಸ್ಟ್ರೈಕರ್ ಪಿಸ್ತೂಲಿಗೆ ಅದೇ ಕೈ ನಡೆಯುವುದಿಲ್ಲ. ಸ್ಟ್ರೈಕರ್ ಓಡಾಡುವ ಕೊಳವೆ ಒಣಗಿರಬೇಕು. ಅಲ್ಲಿ ಎಣ್ಣೆ ಸೇರಿದರೆ ಬಟ್ಟೆಯ ನೂಲು, ಮದ್ದಿನ ಮಸಿ, ಹಿತ್ತಾಳೆಯ ಪುಡಿ ಅಂಟಿ ಕೆಸರಾಗುತ್ತದೆ. ಡಿಸೆಂಬರ್‌ನ ಚಳಿಯ ಬೆಳಗ್ಗೆ ಅದು ಇನ್ನೂ ಗಟ್ಟಿ. ಆಗ ಸ್ಟ್ರೈಕರ್ ವೇಗ ಕಳೆದುಕೊಂಡು ಪ್ರೈಮರ್‌ಗೆ ಸಣ್ಣ ಗುಳಿ ಮಾಡಿ ಸುಮ್ಮನಾಗುತ್ತದೆ. ಗ್ಲಾಕ್‌ನಲ್ಲಿ ಈ ಕೆಸರು ಟ್ರಿಗರ್‌ನಲ್ಲೂ ಗೊತ್ತಾಗುತ್ತದೆ, ಏಕೆಂದರೆ ಬೆರಳೇ ಸ್ಟ್ರೈಕರನ್ನು ಎಳೆಯುತ್ತಿದೆ. ಪೂರ್ತಿ ಬಿಗಿದಿರುವ ವಿನ್ಯಾಸದಲ್ಲಿ ಟ್ರಿಗರ್ ಚೆನ್ನಾಗಿಯೇ ಇರುತ್ತದೆ, ಗುಂಡು ಮಾತ್ರ ಹಾರುವುದಿಲ್ಲ. ಎಣ್ಣೆ ಬೇಕಾದ್ದು ಬಾರ್ ಮತ್ತು ಕನೆಕ್ಟರ್ ಸೇರುವಲ್ಲಿ ಒಂದು ಹನಿ, ಸ್ಲೈಡಿನ ಹಳಿಗಳಿಗೆ ಒಂದೊಂದು ಹನಿ.

ಗುಂಡು ಹಾರದಿದ್ದರೆ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಕಾದು ಆಮೇಲೆ ಸ್ಲೈಡ್ ಎಳೆಯಿರಿ.

ಯಾರಿಗೆ ಯಾವುದು

ತೋಟದ ಮನೆಯಲ್ಲಿ ಆತ್ಮರಕ್ಷಣೆಗೆಂದು ಇಟ್ಟುಕೊಳ್ಳುವವರು, ವರ್ಷಕ್ಕೆ ಕೆಲವೇ ಗುಂಡು ಹೊಡೆಯುವವರು ಅರ್ಧ ಬಿಗಿದ, ಉದ್ದ ಎಳೆತದ ವಿನ್ಯಾಸವನ್ನೇ ನೋಡುವುದು ಒಳ್ಳೆಯದು. ಗಾಬರಿಯಲ್ಲಿ ಬೆರಳು ತಪ್ಪಾಗಿ ಟ್ರಿಗರ್ ಮೇಲೆ ಹೋದರೂ ಹನ್ನೆರಡು ಮಿ.ಮೀ. ಏರುವ ಬಲ ಎಚ್ಚರಿಸುತ್ತದೆ. ರೇಂಜ್‌ನಲ್ಲಿ ನಿಯಮಿತವಾಗಿ ಅಭ್ಯಾಸ ಮಾಡುವವರಿಗೆ ಪೂರ್ತಿ ಬಿಗಿದದ್ದು ಬೇಗ ಒಲಿಯುತ್ತದೆ. 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಯ ಆಸೆ ಇದ್ದರೆ ಎರಡೂ ಬೇಡ: ಅಲ್ಲಿ ಕನಿಷ್ಠ ಟ್ರಿಗರ್ ತೂಕ 1000 ಗ್ರಾಂ, ಅದಕ್ಕೆಂದೇ ಮಾಡಿದ .32 ಸ್ಪರ್ಧಾ ಪಿಸ್ತೂಲಿನ ಮುಂದೆ ಇವು ನಿಲ್ಲುವುದಿಲ್ಲ. ಕಾಡುಹಂದಿ, ಆನೆ ಓಡಿಸಲು ಪಿಸ್ತೂಲು ಎಂಬ ಯೋಚನೆಯೇ ಇದ್ದರೆ ಬಿಟ್ಟುಬಿಡಿ. ಆಗುವುದೂ ಇಲ್ಲ, ವನ್ಯಜೀವಿ ಕಾಯ್ದೆ ಒಪ್ಪುವುದೂ ಇಲ್ಲ.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಆಯುಧ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ. ಅದು ನಿಷೇಧಿತ ಬೋರಿಗೆ ಬಾಗಿಲು ತೆರೆಯುವ ಪತ್ರವಲ್ಲ. ಮುಂಗಡ ಕೊಡುವ ಮೊದಲು ನಿಮ್ಮ ಪತ್ರದಲ್ಲಿ ಯಾವ ಬಗೆಯ ಆಯುಧ ನಮೂದಾಗಿದೆ ಎಂದು ಓದಿ, ಡಿ.ಸಿ. ಕಚೇರಿಯಲ್ಲಿ ಬೋರ್ ಹೆಸರು ಹೇಳಿ ಖಾತ್ರಿ ಮಾಡಿಕೊಳ್ಳಿ.

ಟ್ರಿಗರ್ ಹಗುರ ಮಾಡಿಸುವ ಆಸೆ ಬಂದರೆ ಸ್ಟ್ರೈಕರ್ ಸ್ಪ್ರಿಂಗ್ ಮುಟ್ಟಬೇಡಿ. ಗ್ಲಾಕ್‌ನಲ್ಲಿ ಅದನ್ನು ಮೆದು ಮಾಡಿದರೆ ಎಳೆತ ಇಳಿಯುತ್ತದೆ ನಿಜ, ಗಟ್ಟಿ ಪ್ರೈಮರ್‌ನ ಕಾರ್ಟ್ರಿಜ್ ಸಿಕ್ಕ ದಿನ ಹಾರುವುದೇ ಇಲ್ಲ. ಕಂಪನಿಯದೇ ಕನೆಕ್ಟರ್ ಬದಲಾವಣೆ ಅದಕ್ಕಿಂತ ಮೇಲು, ಅದೂ ಪರವಾನಗಿ ಇರುವ ಗನ್‌ಸ್ಮಿತ್ ಕೈಯಲ್ಲಿ. ಯಾವ ಭಾಗ ಬದಲಾದರೂ ರೇಂಜ್‌ನಲ್ಲಿ ಮೊದಲು ಮ್ಯಾಗಜಿನ್‌ಗೆ ಒಂದೇ ಗುಂಡು, ಆಮೇಲೆ ಎರಡೇ ಗುಂಡು ಹಾಕಿ ಹೊಡೆಯಿರಿ. ಒಂದು ಒತ್ತಿಗೆ ಎರಡೂ ಹಾರಿದರೆ ಸಿಯರ್ ಹಿಡಿಯುತ್ತಿಲ್ಲ ಎಂದರ್ಥ. ತುಂಬಿದ ಮ್ಯಾಗಜಿನ್‌ನಲ್ಲಿ ಅದು ಗೊತ್ತಾಗುವ ಹೊತ್ತಿಗೆ ಪಿಸ್ತೂಲಿನ ಬಾಯಿ ಆಕಾಶ ನೋಡುತ್ತಿರುತ್ತದೆ.